ಪಕ್ಕದ್ಮನೆ ರೈತನಿಗೆ 11 ಲಕ್ಷ ಡಾಲರ್, ನಮ್ಮಪ್ಪಂಗೆ 6000 ರೂಪಾಯಿ: ಇದ್ಯಾವ ಲೆಕ್ಕ?

ಪ್ರಶ್ನೆ: ನಮಸ್ತೆ ಸರ್. ನಾವಿರೋದು ಅಮೆರಿಕದ ಅಯೋವಾ ರಾಜ್ಯದ ಕಸೂತ್ ಕೌಂಟಿಲಿ, ನಾನು ಇಲ್ಲಿ ಆಸ್ಪತ್ರೆ ಲ್ಯಾಬಲ್ಲಿ ಕೆಲಸ ಮಾಡ್ತೀನಿ. ನಮ್ಮ ಪಕ್ಕದ ಮನೆ ಅಜ್ಜ 1200 ಎಕರೆ ಮೆಕ್ಕೆಜೋಳ, ಸೋಯಾ ಮಾಡ್ತಾರೆ, ಬಾಳ ಒಳ್ಳೆ ಜನ. ಮೊನ್ನೆ ಸಹೋದ್ಯೋಗಿ ಒಬ್ರು ಸರ್ಕಾರದ ಸಬ್ಸಿಡಿ ಯಾರ್ಯಾರಿಗೆ ಎಷ್ಟೆಷ್ಟು ಹೋಗಿದೆ ಅನ್ನೋ ಪಟ್ಟಿ ತೋರಿಸಿದ್ರು, ಅದ್ರಲ್ಲಿ ಈ ಅಜ್ಜನ ಹೆಸರ ಮುಂದೆ 1995ರಿಂದ 2024ರವರೆಗೆ ಸುಮಾರು 11 ಲಕ್ಷ ಡಾಲರ್ ಇದೆ! ಅಷ್ಟೆಲ್ಲಾ ತಗೊಂಡೂ ಅವ್ರು ಸರ್ಕಾರ ಅಂದ್ರೆ ಉರಿದು ಬೀಳ್ತಾರೆ. ನಮ್ಮಪ್ಪಂಗೆ ಚನ್ನರಾಯಪಟ್ಟಣದ ಹತ್ರ 2 ಎಕರೆ 10 ಗುಂಟೆ ಜಮೀನಿದೆ, ರಾಗಿ ಹಾಕ್ತಾರೆ, ಬದುವಲ್ಲಿ ನಾಲ್ಕು ತೆಂಗು. ವರ್ಷಕ್ಕೆ ಪಿಎಂ ಕಿಸಾನ್ 6000 ಬರುತ್ತೆ, ಅಷ್ಟೇ. ಇದು ಹೆಂಗೆ ನ್ಯಾಯ? ಇನ್ನೊಂದು, ನಮ್ಮ ಮನೆಯೋರು ಇಲ್ಲೇ ಒಂದು 80 ಎಕರೆ ತಗೊಂಡ್ರೆ ನಮಗೂ ಈ ದುಡ್ಡು ಬರುತ್ತಲ್ವಾ ಅಂತಿದ್ದಾರೆ. ನಿಜನಾ?

ಉತ್ತರ:

ನಿಮ್ಮ ಪ್ರಶ್ನೆ ಓದಿ ನಗು ಬಂತು ಮೇಡಂ, ತಪ್ಪು ತಿಳ್ಕೋಬೇಡಿ, ಯಾಕಂದ್ರೆ ಇಪ್ಪತ್ತು ವರ್ಷದ ಹಿಂದೆ ಈ ಕಡೆ ರೈತರ ಟ್ಯಾಕ್ಸ್ ಲೆಕ್ಕ ಬರೆಯೋ ಕೆಲಸಕ್ಕೆ ಸೇರಿದಾಗ ನಾನೂ ಹಿಂಗೇ ಬಾಯಿ ಬಿಟ್ಕೊಂಡು ಕೂತಿದ್ದೆ. ಫೆಬ್ರವರಿ ತಿಂಗಳು, ಹೊರಗೆ ಮೊಣಕಾಲುದ್ದ ಹಿಮ, ಒಬ್ಬ ರೈತ ಚಪ್ಪಲಿ ಡಬ್ಬಿ ತುಂಬ ರಸೀದಿ ತಂದು ಮೇಜಿನ ಮೇಲೆ ಸುರಿದ. ಇಲ್ಲಿ ರೈತರು ಮಾರ್ಚ್ 1ರೊಳಗೆ ರಿಟರ್ನ್ ಹಾಕಿ ತೆರಿಗೆ ಕಟ್ಬಿಟ್ರೆ ಮುಂಗಡ ಕಂತು ಕಟ್ಟೋ ತಾಪತ್ರಯ ಇರಲ್ಲ, ಹಾಗಾಗಿ ಫೆಬ್ರವರಿ ಅಂದ್ರೆ ನಮಗೆ ಸುಗ್ಗಿ. ಆ ರಸೀದಿ ರಾಶಿ ಒಳಗೆ ಸರ್ಕಾರದ 1099-ಜಿ ಅನ್ನೋ ಚೀಟಿ ಇತ್ತು, ಆ ವರ್ಷ ಸರ್ಕಾರ ಕೊಟ್ಟ ದುಡ್ಡು ಅದ್ರಲ್ಲಿ ಬರೆದಿರುತ್ತೆ. ಅಷ್ಟು ದೊಡ್ಡ ಮೊತ್ತ ನೋಡಿ ನಾನು ಮನಸಲ್ಲೇ ಇವ್ನು ಸಾಹುಕಾರ ಬಿಡಪ್ಪಾ ಅಂದ್ಕೊಂಡೆ. ಪೂರ್ತಿ ಲೆಕ್ಕ ಮುಗಿಸೋ ಹೊತ್ತಿಗೆ ಆ ದುಡ್ಡಲ್ಲಿ ಅವನ ಜೇಬಲ್ಲಿ ಉಳಿದಿದ್ದು ಎಷ್ಟು ಅಂತ ಗೊತ್ತಾಯ್ತು, ಆ ಕಥೆನೇ ನಿಮಗೂ ಹೇಳೋದು.

ಮೊದ್ಲು ಒಂದು ಭಾಗಾಕಾರ ಮಾಡೋಣ, ಕ್ಯಾಲ್ಕುಲೇಟರ್ ತಗೊಳ್ಳಿ. 11 ಲಕ್ಷ ಡಾಲರ್, 30 ವರ್ಷ, 1200 ಎಕರೆ. ವರ್ಷಕ್ಕೆ ಸುಮಾರು 36,600 ಡಾಲರ್, ಎಕರೆಗೆ ವರ್ಷಕ್ಕೆ ಸುಮಾರು 30 ಡಾಲರ್ ಬಿತ್ತು. ಈಗ ನಿಮ್ಮಪ್ಪಂದು, 6000 ರೂಪಾಯಿನ ಎರಡೂಕಾಲು ಎಕರೆಗೆ ಹಂಚಿದ್ರೆ ಎಕರೆಗೆ 2,667 ರೂಪಾಯಿ, ಡಾಲರಿಗೆ 88 ರೂಪಾಯಿ ಹಿಡಿದ್ರೆ ಅದೂ 30 ಡಾಲರ್ರೇ! ನಾನೇನೂ ಕಣ್ಕಟ್ಟು ಮಾಡ್ತಿಲ್ಲ, ನೀವು ಕೊಟ್ಟ ಅಂಕೀನೇ ಭಾಗಿಸಿದ್ದು. ಇನ್ನೂ ಒಂದು ಹೆಜ್ಜೆ ಮುಂದೆ ಹೋದ್ರೆ, ಅಜ್ಜನ ಒಂದು ಎಕರೆಲಿ 200 ಬುಶೆಲ್ ಜೋಳ ಬಂದು (ಒಂದು ಬುಶೆಲ್ ಜೋಳ ಅಂದ್ರೆ 25 ಕೆಜಿ ಚಿಲ್ಲರೆ) ಬುಶೆಲಿಗೆ 4 ಡಾಲರ್ ಸಿಕ್ರೆ 800 ಡಾಲರ್ ವಹಿವಾಟು, ಅದರಲ್ಲಿ 30 ಡಾಲರ್ ಅಂದ್ರೆ ನೂರಕ್ಕೆ ನಾಲ್ಕೂ ಆಗಲ್ಲ. ನಿಮ್ಮಪ್ಪಂಗೆ ಎಕರೆಗೆ 8 ಕ್ವಿಂಟಾಲ್ ರಾಗಿ ಬಂದು 2025-26ರ ಬೆಂಬಲ ಬೆಲೆ 4,886ಕ್ಕೇ ಹೋಯ್ತು ಅಂದ್ಕೊಳ್ಳಿ, 39 ಸಾವಿರ, ಅದರಲ್ಲಿ 2,667 ಅಂದ್ರೆ ನೂರಕ್ಕೆ ಏಳರ ಹತ್ರ. ಹಂಗಂತ ನಿಮ್ಮಪ್ಪನೇ ಜಾಸ್ತಿ ತಗೋತಿದ್ದಾರೆ ಅಂತ ಊರಲ್ಲಿ ಹೇಳ್ಬಿಟ್ಟೀರಾ ಮತ್ತೆ. ಎರಡೂ ಕಡೆ ಈ ಲೆಕ್ಕದ ಒಳಗೆ ಬರದೇ ಇರೋ ದುಡ್ಡು ಬೇರೆ ಇದೆ, ಅದಕ್ಕೆ ಆಮೇಲೆ ಬರ್ತೀನಿ. ನಾನು ಹೇಳ್ಬೇಕಂತಿರೋದು ಇಷ್ಟೇ, ಅಜ್ಜನ ಹೆಸರ ಮುಂದಿನ ಸೊನ್ನೆಗಳು ಸಬ್ಸಿಡಿಯಿಂದ ಬಂದಿದ್ದಲ್ಲ, ಎಕರೆಯಿಂದ ಬಂದಿದ್ದು. ದುಡ್ಡು ಎಕರೆ ಲೆಕ್ಕದಲ್ಲಿ ಹೋಗುತ್ತೆ, ಎಕರೆ ಜಾಸ್ತಿ ಇದ್ದೋನಿಗೆ ಜಾಸ್ತಿ. ನಮ್ಮ ಪಿಎಂ ಕಿಸಾನ್ ಹಂಗಲ್ಲ, ಎಕರೆ ಎಷ್ಟೇ ಇರ್ಲಿ ಮನೆಗೆ 6000, ಅದಕ್ಕೇ ಸಣ್ಣ ರೈತನಿಗೆ ಎಕರೆವಾರು ಜಾಸ್ತಿ ಕಾಣೋದು. ಆ ವಿಷಯದಲ್ಲಿ ನಮ್ಮದೇ ವಾಸಿ ಅಂತ ನನ್ನ ಅಭಿಪ್ರಾಯ.

ಈಗ ಈ ಪಟ್ಟಿ ಬಗ್ಗೆ. ಎನ್ವಿರಾನ್‌ಮೆಂಟಲ್ ವರ್ಕಿಂಗ್ ಗ್ರೂಪ್ ಅನ್ನೋ ಸಂಸ್ಥೆ ಸರ್ಕಾರದ ಕಡತದಿಂದ ಮಾಹಿತಿ ತೆಗೆಸಿ 1995ರಿಂದ ಈಚಿನದನ್ನ ಕೌಂಟಿವಾರು ಹಾಕ್ತಾ ಬಂದಿದೆ, ನಿಮ್ಮ ಸಹೋದ್ಯೋಗಿ ತೋರಿಸಿದ್ದು ಬಹುಶಃ ಅದೇ. ಒಳ್ಳೆ ಕೆಲಸ, ಬೇಡ ಅನ್ನಲ್ಲ. ಆದ್ರೆ ಸಣ್ಣ ಊರಲ್ಲಿ ಅದನ್ನ ಓದೋ ರೀತಿನೇ ಬೇರೆ, ನಮ್ಮೂರಲ್ಲಿ ಬರ ಪರಿಹಾರದ ಲಿಸ್ಟ್ ಪಂಚಾಯ್ತಿ ಗೋಡೆಗೆ ಅಂಟಿಸಿದಾಗ ಜನ ಮೊದ್ಲು ತಮ್ಮ ಹೆಸರು ಹುಡ್ಕಲ್ಲ, ದಾಯಾದಿ ಹೆಸರು ಹುಡುಕ್ತಾರಲ್ಲ, ಹಂಗೆ. ಆ ಒಂದೇ ಮೊತ್ತದೊಳಗೆ ನಾಲ್ಕೈದು ಬೇರೆ ಬೇರೆ ಸ್ಕೀಮಿನ ದುಡ್ಡು ಕಲಸಿಹೋಗಿದೆ, ಒಂದೊಂದಕ್ಕೂ ಒಂದೊಂದು ಕಾರಣ.

ಹಳೇದು ಸ್ವಲ್ಪ ಹೇಳ್ಬೇಕು ಇಲ್ಲಾಂದ್ರೆ ತಲೆಬುಡ ಗೊತ್ತಾಗಲ್ಲ. 1933ರಲ್ಲಿ ರೂಸ್‌ವೆಲ್ಟ್ ಕಾಲದಲ್ಲಿ ಬೆಳೆ ಬೆಲೆ ಪಾತಾಳ ಕಂಡಾಗ ಕಡಿಮೆ ಬಿತ್ತಿ, ನಷ್ಟಕ್ಕೆ ನಾವು ದುಡ್ಡು ಕೊಡ್ತೀವಿ ಅಂತ ಶುರು ಮಾಡಿದ್ರು. ಆಗಿನ ಕೃಷಿ ಮಂತ್ರಿ ಹೆನ್ರಿ ವ್ಯಾಲೇಸ್ ಇದೇ ಅಯೋವಾದೋರು, ಹೈಬ್ರಿಡ್ ಜೋಳದ ಬೀಜದ ಕಂಪನಿ ಕಟ್ಟಿದ್ದೋರು. ವಾಷಿಂಗ್ಟನ್ನಲ್ಲಿ ಕೂತು ಯಾರ ಹೊಲ ಎಷ್ಟು ಅಂತ ಗೊತ್ತಾಗಲ್ವಲ್ಲ, ಅದಕ್ಕೇ ಕೌಂಟಿಗೊಂದು ಕಮಿಟಿ ಮಾಡಿ ರೈತರೇ ರೈತರನ್ನ ಆರಿಸಿ ಕೂರಿಸೋ ಪದ್ಧತಿ ತಂದ್ರು. ಅದು ಇವತ್ತಿಗೂ ಇದೆ, ಫಾರ್ಮ್ ಸರ್ವಿಸ್ ಏಜೆನ್ಸಿ (ಎಲ್ಲರೂ ಎಫ್‌ಎಸ್‌ಎ ಅಂತಾರೆ) ಅಂತ ಹೆಸರು, ಇಡೀ ದೇಶದಲ್ಲಿ 2,100ಕ್ಕೂ ಹೆಚ್ಚು ಕೌಂಟಿ ಆಫೀಸು. ಊರೋರ ಕೈಗೆ ಅಧಿಕಾರ ಕೊಟ್ಟಿದ್ದು ಒಳ್ಳೇದು ಅಂತ ಪುಸ್ತಕದಲ್ಲಿ ಬರೀತಾರೆ, ಆದ್ರೆ ದಕ್ಷಿಣದ ರಾಜ್ಯಗಳಲ್ಲಿ ಆ ಕಮಿಟಿಗಳಲ್ಲಿ ಬಿಳಿಯರೇ ಕೂತ್ಕೊಂಡು ಕಪ್ಪು ರೈತರಿಗೆ ಸಾಲ, ಸಬ್ಸಿಡಿ ಎರಡೂ ಸಿಗದಂಗೆ ದಶಕಗಟ್ಟಲೆ ಸತಾಯಿಸಿದ್ರು. ಪಿಗ್‌ಫರ್ಡ್ ಕೇಸ್ ಅಂತ 1999ರಲ್ಲಿ ರಾಜಿ ಆಯ್ತು, ಅಷ್ಟೊತ್ತಿಗೆ ಎಷ್ಟೋ ಜನರ ಜಮೀನೇ ಹೋಗಿತ್ತು. ಊರ ಪಟೇಲನ ಕೈಲಿ ಪೆನ್ನು ಇದ್ರೆ ಏನಾಗುತ್ತೆ ಅಂತ ನಮಗೆ ಬೇರೆ ಹೇಳ್ಕೊಡಬೇಕಾ.

ನಿಮ್ಮ ಕಸೂತ್ ಕೌಂಟಿ ಅಯೋವಾದ 99 ಕೌಂಟಿಲಿ ವಿಸ್ತೀರ್ಣದಲ್ಲಿ ಎಲ್ಲಕ್ಕಿಂತ ದೊಡ್ಡದು, ಕಪ್ಪು ನೆಲ, ಚೌಕ ಚೌಕ ಹೊಲ. ಕೌಂಟಿ ಆಫೀಸಿಗೆ ಒಂದ್ಸಲ ಹೋಗಿ ನೋಡಿ, ಕೌಂಟರಲ್ಲಿ ವಿಮಾನದಿಂದ ತೆಗೆದ ನಕ್ಷೆ ಹರಡಿರ್ತಾರೆ, ಪ್ರತಿ ಹೊಲಕ್ಕೂ ಫಾರ್ಮ್ ನಂಬರ್, ಟ್ರ್ಯಾಕ್ಟ್ ನಂಬರ್, ಅದರೊಳಗೆ ಫೀಲ್ಡ್ ನಂಬರ್. ನಮ್ಮ ಸರ್ವೆ ನಂಬರ್, ಹಿಸ್ಸಾ ನಂಬರ್ ಇದ್ದಂಗೇ ಅಂದ್ಕೊಳ್ಳಿ. ಬಿತ್ತನೆ ಮುಗಿದ್ಮೇಲೆ ಜುಲೈ 15ರೊಳಗೆ ರೈತ ಬಂದು ಈ ಫೀಲ್ಡಲ್ಲಿ ಜೋಳ, ಇದರಲ್ಲಿ ಸೋಯಾ, ಈ ತಗ್ಗಲ್ಲಿ ನೀರು ನಿಂತು ಬಿತ್ತೋಕಾಗ್ಲಿಲ್ಲ ಅಂತ ಬೆರಳಿಟ್ಟು ತೋರಿಸಿ ಸೈನ್ ಮಾಡ್ಬೇಕು. ನಮ್ಮಲ್ಲಿ ಬೆಳೆ ಸಮೀಕ್ಷೆ ಆ್ಯಪ್ ಹಿಡ್ಕೊಂಡು ಹುಡುಗರು ಬದುವಲ್ಲಿ ಫೋಟೋ ಹೊಡ್ಕೊಂಡು ಹೋಗ್ತಾರಲ್ಲ, ಇಲ್ಲಿ ಅದೇ ಕೆಲಸ ರೈತನ ಸೈನಿಂದ ಆಗುತ್ತೆ.

ಈಗ ನಿಜವಾದ ಮಜಾ. ಇಷ್ಟೆಲ್ಲಾ ಏನು ಬಿತ್ತಿದೀನಿ ಅಂತ ಬರೆಸ್ಕೊಂಡು, ಮುಖ್ಯವಾದ ಸಬ್ಸಿಡಿ ಕೊಡೋದು ಅದರ ಮೇಲಲ್ಲ! ಬೇಸ್ ಎಕರೆ ಅಂತ ಒಂದಿದೆ. 1980ರ ದಶಕದ ಆಸುಪಾಸಿಗೆ ಆ ಜಮೀನಲ್ಲಿ ಯಾವ ಬೆಳೆ ಎಷ್ಟು ಬೆಳೀತಿದ್ರು ಅನ್ನೋ ಹಳೇ ದಾಖಲೆ ಅದು, 2002ರಲ್ಲಿ, 2014ರಲ್ಲಿ ಅಲ್ಪಸ್ವಲ್ಪ ತಿದ್ದಿದ್ದಾರೆ. ಅಜ್ಜ ಈ ವರ್ಷ ಪೂರ್ತಿ ಸೋಯಾ ಹಾಕಿದ್ರೂ ಜಮೀನಿಗೆ ಜೋಳದ ಬೇಸ್ ಇದ್ರೆ ಬರೋದು ಜೋಳದ ಸಬ್ಸಿಡಿ. ನಗ್ಬೇಡಿ, ನಮ್ಮಲ್ಲಿ ಪಹಣಿಯ ಬೆಳೆ ಕಾಲಂನಲ್ಲಿ ಹತ್ತು ವರ್ಷದಿಂದ ಹುರುಳಿ ಅಂತಲೇ ಬರ್ತಿರುತ್ತೆ, ಹೊಲ ನೋಡಿದ್ರೆ ಅಡಿಕೆ ತೋಟ ಆಗಿರುತ್ತೆ. ವ್ಯತ್ಯಾಸ ಏನಪ್ಪಾ ಅಂದ್ರೆ ಇಲ್ಲಿ ಅದನ್ನ ಬೇಕಂತಲೇ ಹಂಗೆ ಇಟ್ಟಿರೋದು. ಸಬ್ಸಿಡಿ ಆಸೆಗೆ ಎಲ್ಲರೂ ಒಂದೇ ಬೆಳೆ ಬಿತ್ತಬಾರದು ಅಂತ.

ಆ ಬೇಸ್ ಎಕರೆ ಮೇಲೆ ಎರಡು ಥರ ಸ್ಕೀಮಿದೆ, ರೈತ ಬೆಳೆಗೊಂದು ಆರಿಸ್ಕೋಬೇಕು. ಒಂದು ಪಿಎಲ್‌ಸಿ, ಇದು ಬರೀ ಬೆಲೆಗೆ. ಸರ್ಕಾರ ಒಂದು ರೆಫರೆನ್ಸ್ ಬೆಲೆ ಇಟ್ಟಿರುತ್ತೆ, ಜೋಳಕ್ಕೆ 2018ರ ಕಾಯ್ದೆಲಿ ಬುಶೆಲಿಗೆ 3.70 ಡಾಲರ್ ಇತ್ತು, 2025ರ ಜುಲೈಲಿ ಬಂದ ಹೊಸ ಕಾಯ್ದೆ ಅದನ್ನ 4.10ಕ್ಕೆ ಏರಿಸಿತು, ಸೋಯಾದ್ದು 8.40ರಿಂದ 10 ಡಾಲರಿಗೆ. ದೇಶದ ಸರಾಸರಿ ಮಾರುಕಟ್ಟೆ ಬೆಲೆ ಅದಕ್ಕಿಂತ ಕೆಳಗೆ ಹೋದ್ರೆ ವ್ಯತ್ಯಾಸ ಕೊಡ್ತಾರೆ. 2019ರ ಜೋಳಕ್ಕೆ ಸರಾಸರಿ 3.56 ಬಂತು, ಅಂದ್ರೆ 14 ಸೆಂಟ್ ಕಮ್ಮಿ, ಸರ್ಕಾರದ ಕಡತದಲ್ಲಿ ಎಕರೆಗೆ ಹಳೇ ಇಳುವರಿ 150 ಬುಶೆಲ್ ಅಂತ ಇದ್ದೋನಿಗೆ 21 ಡಾಲರ್, ಅದರಲ್ಲೂ ಬೇಸಿನ 85% ಮಾತ್ರ ಲೆಕ್ಕಕ್ಕೆ, ಕೈಗೆ 17.85. ಆಮೇಲೆ 2020, 21, 22 ಮೂರು ವರ್ಷ ಬೆಲೆ ಮೇಲಿತ್ತು, ಜೋಳಕ್ಕೆ ಈ ಸ್ಕೀಮಿಂದ ಬಿಡಿಗಾಸೂ ಇಲ್ಲ. ನಮ್ಮ ಬೆಂಬಲ ಬೆಲೆ ಥರ ಸರ್ಕಾರ ಖರೀದಿ ಕೇಂದ್ರ ತೆಗೆದು ಚೀಲ ತೂಗಿಸಲ್ಲ ಇಲ್ಲಿ, ಕಾಳು ಯಾರಿಗಾದ್ರೂ ಮಾರ್ಕೋ, ವ್ಯತ್ಯಾಸ ನಾವು ಕೊಡ್ತೀವಿ ಅಂತ. ಅದೂ ಯಾವಾಗ? ಬೆಳೆ ಕುಯ್ದ ಮುಂದಿನ ವರ್ಷದ ಅಕ್ಟೋಬರಲ್ಲಿ. ಬ್ಯಾಂಕಿನೋನು ಅಲ್ಲೀವರೆಗೂ ಕಾಯ್ತಾನಾ?

ಇನ್ನೊಂದು ಎಆರ್‌ಸಿ, ಇದು ಕೌಂಟಿ ಲೆಕ್ಕ, ಪಕ್ಕದ ಮನೆ ಜಗಳ ಹುಟ್ಟೋದೇ ಇದರಿಂದ. ಇಡೀ ಕೌಂಟಿಯ ಐದು ವರ್ಷದ ಸರಾಸರಿ ಇಳುವರಿ, ಸರಾಸರಿ ಬೆಲೆ ಗುಣಿಸಿ ಒಂದು ಗೆರೆ ಹಾಕ್ತಾರೆ. ಉದಾಹರಣೆಗೆ 200 ಬುಶೆಲ್, 4 ಡಾಲರ್, ಅಂದ್ರೆ 800. ಹಳೇ ನಿಯಮದಲ್ಲಿ ಅದರ 86%, ಅಂದ್ರೆ 688ಕ್ಕಿಂತ ಕೆಳಗೆ ಬಂದ್ರೆ ಮಾತ್ರ ದುಡ್ಡು (ಹೊಸ ಕಾಯ್ದೆಲಿ 90% ಮಾಡಿದ್ದಾರೆ). ಬೆಲೆ 3.50ಕ್ಕೆ ಇಳೀತು ಅಂದ್ಕೊಳ್ಳಿ. ನಿಮ್ಮ ಕೌಂಟಿಲಿ ಆ ವರ್ಷ ಸರಾಸರಿ 190 ಬುಶೆಲ್ ಬಂದ್ರೆ 665, ಕೊರತೆ 23, ಅದರ 85% ಲೆಕ್ಕ ಹಿಡಿದು ಎಕರೆಗೆ 19 ಡಾಲರ್ ಚಿಲ್ಲರೆ ಬಂತು. ಪಕ್ಕದ ಕೌಂಟಿಲಿ 200 ಬಂದ್ರೆ 700, ಗೆರೆ ದಾಟ್ತು, ಅವ್ರಿಗೆ ಸೊನ್ನೆ. ಇಬ್ರ ಹೊಲದ ಮಧ್ಯೆ ಇರೋದು ಒಂದು ಮಣ್ಣು ರಸ್ತೆ ಅಷ್ಟೇ! ರಸ್ತೆ ಆ ಕಡೆ ಅವನ ಹೊಲಕ್ಕೆ ಆಲಿಕಲ್ಲು ಬಿದ್ದು ನೆಲಕಚ್ಚಿದ್ರೂ ಕೌಂಟಿ ಸರಾಸರಿ ಚೆನ್ನಾಗಿದ್ರೆ ಅವನಿಗೆ ಇದರಿಂದ ಏನೂ ಇಲ್ಲ, ಈ ಕಡೆಯೋನಿಗೆ ಬಂಪರ್ ಬೆಳೆ ಬಂದಿದ್ರೂ ಚೆಕ್ ಬರುತ್ತೆ. ನಮ್ಮಲ್ಲಿ ಫಸಲ್ ಬಿಮಾದಲ್ಲಿ ಪಂಚಾಯ್ತಿ ಲೆಕ್ಕ ಹಿಡಿದು ನಮ್ಮ ಹೊಲ ಒಣಗಿದ್ರೂ ದುಡ್ಡು ಬರ್ಲಿಲ್ಲ ಅಂತ ಜನ ಬೈಕೊಳ್ತಾರಲ್ಲ, ಅದೇ ರೋಗ ಇಲ್ಲೂ.

ಈ ಸ್ಕೀಮುಗಳಲ್ಲಿ ಒಂದು ಸೈನ್ ತಪ್ಪಿದ್ರೆ ಹೆಂಗೆ ಅನ್ನೋದಕ್ಕೆ ನಾನು ಕಣ್ಣಾರೆ ಕಂಡಿದ್ದು ಹೇಳ್ತೀನಿ. 2014ರ ಕಾಯ್ದೆ ಬಂದಾಗ ಕಡತದಲ್ಲಿರೋ ಹಳೇ ಇಳುವರಿನ ಒಂದೇ ಒಂದ್ಸಲ ತಿದ್ದಿಸ್ಕೊಳ್ಳೋ ಅವಕಾಶ ಕೊಟ್ರು, ಆದ್ರೆ ಅದಕ್ಕೆ ಜಮೀನಿನ ಮಾಲೀಕರ ಸೈನ್ ಬೇಕು, ಉಳೋನದಲ್ಲ. ನನ್ನ ಹತ್ರ ಬರ್ತಿದ್ದ ಒಬ್ಬ ರೈತ ಗುತ್ತಿಗೆಗೆ ಮಾಡ್ತಿದ್ದ ಹೊಲದ ಮಾಲೀಕಿ ವಯಸ್ಸಾದ ಅಜ್ಜಿ, ಚಳಿ ತಡಿಯಕ್ಕಾಗ್ದೆ ಅರಿಜೋನಾಗೆ ಹೋಗಿ ಮಗಳ ಮನೇಲಿದ್ರು. ಕಾಗದ ಕಳಿಸಿದ್ರು, ಅದು ಕೌಂಟಿಯ ಹಳೇ ವಿಳಾಸಕ್ಕೆ ಹೋಯ್ತು, ಇವನು ಫೋನ್ ಮಾಡಿದ್ರೆ ಅಜ್ಜಿಗೆ ಕಿವಿ ಕೇಳಲ್ಲ, ಮಗಳಿಗೆ ಅನುಮಾನ, ಇವನ್ಯಾಕೆ ಅಮ್ಮನ ಹತ್ರ ಸೈನ್ ಕೇಳ್ತಿದ್ದಾನೆ ಅಂತ. ಮಾರ್ಚ್ ಮುಗೀತು. ಆಮೇಲೆ ಆ ಕಾಯ್ದೆ ಇದ್ದಷ್ಟೂ ವರ್ಷ ಆ ಹೊಲಕ್ಕೆ ಓಬೀರಾಯನ ಕಾಲದ ಇಳುವರಿನೇ ಲೆಕ್ಕಕ್ಕೆ. ಪೌತಿ ಖಾತೆ ಆಗದೆ ಪರಿಹಾರ ನಿಂತೋದ ಎಷ್ಟು ಮನೆ ನಮ್ಮ ಕಡೆ ನೀವೂ ನೋಡಿರ್ತೀರಿ, ನನಗೆ ಆವತ್ತು ಅದೇ ನೆನಪಾಗಿದ್ದು.

ಪಟ್ಟಿಲಿ ಮೂರನೇದು ಸಿಆರ್‌ಪಿ. 1985ರ ಕಾಯ್ದೆಯಿಂದ ಬಂದಿದ್ದು, ಇಳಿಜಾರು, ಹಳ್ಳದ ಅಂಚು ಇಂಥ ಕಡೆ ಉಳದೆ ಹುಲ್ಲು ಬಿಟ್ರೆ 10ರಿಂದ 15 ವರ್ಷ ಸರ್ಕಾರ ಬಾಡಿಗೆ ಕೊಡುತ್ತೆ. ಉಳದೇ ಇರೋದಕ್ಕೆ ದುಡ್ಡಾ ಅಂತ ನಿಮಗೆ ಅನ್ನಿಸ್ಬೋದು, ಆದ್ರೆ ಮಣ್ಣು ಕೊಚ್ಚಿಹೋಗೋದು ನಿಂತಿದೆ, ನನ್ನ ಪ್ರಕಾರ ಈ ಎಲ್ಲಾದ್ರಲ್ಲಿ ಕೊಟ್ಟ ದುಡ್ಡಿಗೆ ಮೋಸ ಇಲ್ಲದ್ದು ಅಂದ್ರೆ ಇದೊಂದೇ.

ನಾಲ್ಕನೇದೇ ದೊಡ್ಡ ಮೊತ್ತ, ಆಗಾಗ ಸುರಿಯೋ ತುರ್ತು ದುಡ್ಡು. 2018ರಲ್ಲಿ ಟ್ರಂಪ್ ಸುಂಕ ಹಾಕಿದ್ರು, ಚೀನಾ ತಿರುಗಿ ಸೋಯಾ ಮೇಲೆ 25% ಹಾಕ್ತು, ಬೆಲೆ ಬಿತ್ತು. ಅದಕ್ಕೆ ಪರಿಹಾರ ಅಂತ ಸೋಯಾಗೆ ಬುಶೆಲಿಗೆ 1.65 ಡಾಲರ್ ಕೊಟ್ರು, ಜೋಳಕ್ಕೆ ಎಷ್ಟು ಗೊತ್ತಾ? ಒಂದು ಸೆಂಟ್. 200 ಬುಶೆಲ್ ಬೆಳೆದೋನಿಗೆ ಎಕರೆಗೆ 2 ಡಾಲರ್, ಒಂದು ಕಾಫಿ ದುಡ್ಡು. ಆ ವರ್ಷ ನಮ್ಮ ಆಫೀಸಲ್ಲಿ ಜೋಳದ ರೈತರು ಬೈದಿದ್ದು ಇಲ್ಲಿ ಬರೆಯೋ ಹಂಗಿಲ್ಲ. ಮರು ವರ್ಷ ಬುದ್ಧಿ ಕಲ್ತು ಬೆಳೆ ನೋಡದೆ ಕೌಂಟಿಗೊಂದು ರೇಟ್ ಮಾಡಿದ್ರು, ಎಕರೆಗೆ 15ರಿಂದ 150 ಡಾಲರ್ವರೆಗೆ, ಮತ್ತೆ ಕೌಂಟಿ ಗಡಿ ಜಗಳ. ಅದಾದ್ಮೇಲೆ ಕೋವಿಡ್, 2020ರಲ್ಲಿ ದೇಶಾದ್ಯಂತ ರೈತರಿಗೆ ನೇರವಾಗಿ ಹೋಗಿದ್ದು 45 ಬಿಲಿಯನ್ ಡಾಲರ್ ದಾಟ್ತು. ನಿಮ್ಮ ಅಜ್ಜನ 11 ಲಕ್ಷದಲ್ಲಿ ಈ ಎರಡು ಮೂರು ವರ್ಷದ್ದೇ ದೊಡ್ಡ ಪಾಲು ಇರ್ಬೋದು, ವರ್ಷವಾರು ತೆಗೆದು ನೋಡಿ ಬೇಕಾದ್ರೆ. ಅವ್ರು ಸರ್ಕಾರ ಅಂದ್ರೆ ಉರಿಯೋದಕ್ಕೂ ಕಾರಣ ಇಲ್ಲೇ ಇದೆ, ಸರ್ಕಾರವೇ ಮಾರುಕಟ್ಟೆ ಮುರಿದು ಆಮೇಲೆ ಚೆಕ್ ಕಳಿಸಿದ್ರೆ ಅದನ್ನ ಉಪಕಾರ ಅಂತ ಯಾರು ಅಂದ್ಕೋತಾರೆ ಹೇಳಿ. ಹಂಗಂತ ಯಾರೂ ವಾಪಸ್ ಕಳಿಸಿದ್ದಂತೂ ನಾನು ನೋಡಿಲ್ಲ.

ಈಗ ಮುಖ್ಯ ವಿಷಯ, ಈ ದುಡ್ಡು ಎಲ್ಲಿ ಹೋಗುತ್ತೆ ಅನ್ನೋದು. ನಿಮ್ಮ ಅಜ್ಜನ 1200 ಎಕರೆಲಿ ಅವರ ಸ್ವಂತದ್ದು ಎಷ್ಟು ಅಂತ ಕೇಳಿದೀರಾ? ಅಯೋವಾದಲ್ಲಿ ಅರ್ಧಕ್ಕಿಂತ ಹೆಚ್ಚು ಜಮೀನು ಗುತ್ತಿಗೆದು. ಹಿಂದೆ ನಮ್ಮ ಕೋರು, ವಾರದ ಥರ ಬೆಳೆಲಿ ಅರ್ಧ ಪಾಲು ಹಂಚ್ಕೊಳ್ತಿದ್ರು, ಈಗ ಬಹುಪಾಲು ಮುಂಗಡ ನಗದು ಗುತ್ತಿಗೆ, ಎಕರೆಗೆ ವರ್ಷಕ್ಕೆ ರಾಜ್ಯದ ಸರಾಸರಿ 270-280 ಡಾಲರ್. 2025ರ ಮಾರ್ಚಲ್ಲಿ ಇನ್ನೊಂದು ತುರ್ತು ಪರಿಹಾರ ಬಂತು, ಇಸಿಎಪಿ ಅಂತ, 10 ಬಿಲಿಯನ್ ಡಾಲರಿಂದು, ಜೋಳಕ್ಕೆ ಎಕರೆಗೆ 42.91, ಸೋಯಾಗೆ 29.76, ಮೊದಲ ಕಂತಲ್ಲಿ ಅದರ 85%. ಸಾವಿರ ಎಕರೆ ಅರ್ಧ ಜೋಳ ಅರ್ಧ ಸೋಯಾ ಮಾಡೋನಿಗೆ ಆ ಕಂತು 30,885 ಡಾಲರ್ ಆಯ್ತು, ಪತ್ರಿಕೆಲಿ ಓದಿದೋರಿಗೆ ಅಬ್ಬಾ ಅನ್ನಿಸುತ್ತೆ. ಅದೇ ಸಾವಿರ ಎಕರೆಯೂ ಗುತ್ತಿಗೆ ಆಗಿದ್ರೆ ಅವನು ಮಾಲೀಕರಿಗೆ ಕಟ್ಬೇಕಾದ್ದು 2 ಲಕ್ಷ 70 ಸಾವಿರಕ್ಕೂ ಮೇಲೆ. ನಗದು ಗುತ್ತಿಗೆಲಿ ನಷ್ಟದ ಭಯ ಹೊರೋನು ಉಳೋನು, ಹಾಗಾಗಿ ಕಾನೂನು ಪ್ರಕಾರ ಸಬ್ಸಿಡಿ ಅವನ ಹೆಸರಿಗೇ ಬರುತ್ತೆ, ಮಾಲೀಕನ ಹೆಸರು ಪಟ್ಟಿಲೇ ಇರಲ್ಲ. ಆದ್ರೆ ಮಾಲೀಕನಿಗೂ ಪೇಪರ್ ಓದಕ್ಕೆ ಬರುತ್ತಲ್ಲ? ಮುಂದಿನ ಸಲ ಗುತ್ತಿಗೆ ಮಾತಾಡೋವಾಗ ನಿನಗೆ ಸರ್ಕಾರದಿಂದ ಇಷ್ಟು ಬಂತಂತೆ, ಪಕ್ಕದೋನು ಎಕರೆಗೆ ಇನ್ನೂ ಹದಿನೈದು ಜಾಸ್ತಿ ಕೊಡ್ತೀನಿ ಅಂತಿದ್ದಾನೆ ಅಂತ ತೆಗೀತಾನೆ. ನಾನು ಹೇಳಿದ ಆ ಚಪ್ಪಲಿ ಡಬ್ಬಿ ರೈತಂದೂ ಇದೇ ಕಥೆ, ಸಬ್ಸಿಡಿ ಒಂದು ಕೈಲಿ ಬಂದು ಇನ್ನೊಂದು ಕೈಲಿ ಗುತ್ತಿಗೆಯಾಗಿ ಹೋಗಿತ್ತು, ತೆರಿಗೆ ಕಾಗದದಲ್ಲಿ ಮಾತ್ರ ಅವನದ್ದಾಗಿ ಉಳಿದಿತ್ತು. ಗುತ್ತಿಗೆ ಏರಿದ್ರೆ ಜಮೀನಿನ ಬೆಲೆ ಏರುತ್ತೆ, 2024ರಲ್ಲಿ ಅಯೋವಾದ ಸರಾಸರಿ ಎಕರೆಗೆ 11,467 ಡಾಲರ್ ಇತ್ತು. ತೊಂಬತ್ತು ವರ್ಷದಿಂದ ಸರ್ಕಾರ ಕೊಡ್ತಿರೋ ದುಡ್ಡಲ್ಲಿ ಒಂದು ಭಾಗ ಹಿಂಗೆ ನೆಲದ ರೇಟೊಳಗೆ ಸೇರ್ಕೊಂಡು ಕೂತಿದೆ.

ನಮ್ಮಲ್ಲಿ ಇದು ಇನ್ನೊಂಥರ ಉಲ್ಟಾ. ಉಳುವವನೇ ಒಡೆಯ ಅಂತ ದೇವರಾಜ ಅರಸರ ಕಾಲದಲ್ಲಿ 1974ರ ತಿದ್ದುಪಡಿ ತಂದು ಗೇಣಿನೇ ರದ್ದು ಮಾಡಿದ್ರು, ಲಕ್ಷಾಂತರ ಜನಕ್ಕೆ ಭೂಮಿ ಸಿಕ್ತು, ಒಳ್ಳೇದಾಯ್ತು. ಆದ್ರೆ ಗುತ್ತಿಗೆ ನಿಜವಾಗ್ಲೂ ನಿಂತಿಲ್ವಲ್ಲ, ಬಾಯಿಮಾತಲ್ಲಿ ನಡೀತಾನೇ ಇದೆ. ಬೆಂಗಳೂರಲ್ಲಿ ಕೂತ ಮಗನ ಹೆಸರಲ್ಲಿ ಪಹಣಿ ಇರುತ್ತೆ, ಪಿಎಂ ಕಿಸಾನ್ ಆಗ್ಲಿ ಬರ ಪರಿಹಾರ ಆಗ್ಲಿ ಅವನ ಖಾತೆಗೆ, ಊರಲ್ಲಿ ಬೆವರು ಸುರಿಸೋನ ಹೆಸರು ಯಾವ ದಾಖಲೆಲೂ ಇಲ್ಲ. ಇಲ್ಲಿ ಕಮ್ಮಿ ಅಂದ್ರೆ ಚೆಕ್ ಆದ್ರೂ ಒಂದ್ಸಲ ಉಳೋನ ಕೈ ಮುಟ್ಟಿ ಹೋಗುತ್ತೆ!

ದೊಡ್ಡೋರಿಗೆ ಮಿತಿ ಇಲ್ವಾ ಅಂತೀರಾ, ಇದೆ ಕಾಗದದ ಮೇಲೆ. ಎಆರ್‌ಸಿ, ಪಿಎಲ್‌ಸಿಗೆ ಒಬ್ಬರಿಗೆ ವರ್ಷಕ್ಕೆ 1,25,000 ಡಾಲರ್ ಇತ್ತು, 2025ರಲ್ಲಿ 1,55,000 ಮಾಡಿದ್ರು. ಒಬ್ಬರಿಗೆ ಅನ್ನೋ ಪದದಲ್ಲೇ ಇರೋದು ಕಿತಾಪತಿ. ಗಂಡ ಒಬ್ರು ಹೆಂಡ್ತಿ ಒಬ್ರು, ಅಣ್ಣತಮ್ಮ ಸೇರಿ ಪಾರ್ಟ್‌ನರ್‌ಶಿಪ್ ಮಾಡಿದ್ರೆ ತಲೆಗೊಂದು ಮಿತಿ, 2018ರ ಕಾಯ್ದೆಲಿ ಅಣ್ಣನ ಮಕ್ಕಳು, ತಂಗಿ ಮಕ್ಕಳು, ದೊಡ್ಡಪ್ಪ ಚಿಕ್ಕಪ್ಪನ ಮಕ್ಕಳನ್ನೂ ಕುಟುಂಬ ಅಂತ ಸೇರಿಸಿದ್ರು. ಭೂಮಿತಿ ಕಾಯ್ದೆ ಬಂದಾಗ ನಮ್ಮ ಕಡೆ ರಾತ್ರೋರಾತ್ರಿ ಮೊಮ್ಮಕ್ಕಳ ಹೆಸರಿಗೆಲ್ಲಾ ವಿಭಾಗ ಪತ್ರ ಆಗಿತ್ತು ಅಂತ ಹಿರಿಯರು ಹೇಳ್ತಾರಲ್ಲ, ಆ ವಿದ್ಯೆ ಇಲ್ಲಿನೋರಿಗೂ ಗೊತ್ತು.

ಆಗಲೇ ಬಿಟ್ಟಿದ್ದೆನಲ್ಲ, ಲೆಕ್ಕದ ಹೊರಗಿನ ದುಡ್ಡು ಅಂತ. ಅಜ್ಜನ ಪಟ್ಟಿಲಿ ಬೆಳೆ ವಿಮೆ ಇರಲ್ಲ. ಪ್ರೀಮಿಯಮ್ಮಲ್ಲಿ ಸರಾಸರಿ ನೂರಕ್ಕೆ 60ರ ಮೇಲೆ ಸರ್ಕಾರ ಕಟ್ಟುತ್ತೆ, ಅದಕ್ಕೆ ಈ ಮಿತಿ ಯಾವುದೂ ಅನ್ವಯಿಸಲ್ಲ, ಯಾರಿಗೆ ಎಷ್ಟು ಅಂತ ಹೆಸರೂ ಹೊರಗೆ ಬರಲ್ಲ. ಆದ್ರಿಂದ ಆ 11 ಲಕ್ಷ ಪೂರ್ತಿ ಅಲ್ಲ, ನಿಜವಾದ್ದು ಜಾಸ್ತಿ. ನಿಮ್ಮಪ್ಪನ ಕಡೆ ನೋಡಿದ್ರೆ 45 ಕೆಜಿ ಯೂರಿಯಾ ಚೀಲ 266 ರೂಪಾಯಿ 50 ಪೈಸೆಗೆ ಸಿಗುತ್ತೆ, 10 ಎಚ್‌ಪಿವರೆಗೆ ಪಂಪ್‌ಸೆಟ್ಟಿಗೆ ಕರೆಂಟ್ ಬಿಲ್ ಇಲ್ಲ. ಇವೂ ಸಬ್ಸಿಡಿನೇ, ಖಾತೆಗೆ ಬರಲ್ಲ ಅಷ್ಟೇ. ಮಳೆ ನಂಬ್ಕೊಂಡು ರಾಗಿ ಹಾಕೋರಿಗೆ ಪಂಪ್‌ಸೆಟ್ಟಿನ ಲಾಭ ಸಿಗಲ್ಲ ಅನ್ನೋದೂ ನಿಜ.

ಇನ್ನು ನಿಮ್ಮ ಯಜಮಾನರ 80 ಎಕರೆ. ಮೊದ್ಲು ವೀಸಾ ಯಾವುದು ಅಂತ ನೋಡ್ಕೊಳ್ಳಿ. ಅಯೋವಾ ಕಾನೂನಲ್ಲಿ ಪೌರತ್ವವೂ ಇಲ್ಲದೆ ಗ್ರೀನ್ ಕಾರ್ಡೂ ಇಲ್ಲದೆ ಇರೋರು ಕೃಷಿ ಭೂಮಿ ಕೊಳ್ಳೋ ಹಂಗಿಲ್ಲ, ಎಚ್-1ಬಿ ಮೇಲಿದ್ರೆ ಅಲ್ಲಿಗೇ ನಿಲ್ತು. (ಇಲ್ಲಿ ನೆಲೆಸಿರೋವರೆಗೂ ಊರಲ್ಲಿ ಕೃಷಿ ಭೂಮಿ ಕೊಳ್ಳಕ್ಕಾಗಲ್ಲ, ಮುಂದೆ ಇಲ್ಲಿನ ಪೌರತ್ವ ತಗೊಂಡ್ರೂ ಅಷ್ಟೇ, ಅಪ್ಪನ ಆಸ್ತಿ ಪಾಲಿಗೆ ಬಂದ್ರೆ ಇಟ್ಕೋಬೋದು, ಅದೂ ತಲೆಲಿರ್ಲಿ.) ಗ್ರೀನ್ ಕಾರ್ಡ್ ಇದೆ ಅಂದ್ಕೊಳ್ಳೋಣ, ಸರಾಸರಿ ಬೆಲೆಗೆ 80 ಎಕರೆ ಅಂದ್ರೆ 9 ಲಕ್ಷ 17 ಸಾವಿರ ಡಾಲರ್, ನಿಮ್ಮ ಕಡೆ ಕಪ್ಪು ನೆಲಕ್ಕೆ ಇನ್ನೂ ಮೇಲೆ ಕೇಳ್ತಾರೆ. ನೀವು ಲ್ಯಾಬಿಗೆ ಹೋಗ್ತಾ ಟ್ರ್ಯಾಕ್ಟರ್ ಓಡಿಸಲ್ಲ, ಯಾರಿಗೋ ನಗದು ಗುತ್ತಿಗೆಗೆ ಕೊಡ್ತೀರಿ, ಬಹುಶಃ ಪಕ್ಕದ ಅಜ್ಜನಿಗೇ. ವರ್ಷಕ್ಕೆ 22 ಸಾವಿರ ಚಿಲ್ಲರೆ ಬಂತು, ಹಾಕಿದ ದುಡ್ಡಿಗೆ ನೂರಕ್ಕೆ ಎರಡೂವರೆನೂ ಇಲ್ಲ, ಅದರಲ್ಲಿ ಆಸ್ತಿ ತೆರಿಗೆ ಬೇರೆ. ಸಬ್ಸಿಡಿ ಚೆಕ್ಕಾ? ಅದು ಅಜ್ಜನ ಹೆಸರಿಗೇ ಹೋಗುತ್ತೆ, ನಿಮಗೆ ಬರೋದು ಗುತ್ತಿಗೆ ಒಳಗೆ ಸೇರಿ, ಆ ಸುಖಕ್ಕೆ ನೀವು ಕೊಂಡಾಗಲೇ ಮಾರಿದೋನಿಗೆ ಮುಂಗಡ ಕಟ್ಟಿರ್ತೀರಿ.

ಇಷ್ಟೆಲ್ಲಾ ಕೇಳಿನೂ ತಗೋತೀವಿ ಅಂದ್ರೆ ಬೇಡ ಅನ್ನಕ್ಕೆ ನಾನ್ಯಾರು, ನೆಲದ ಆಸೆ ನಮ್ಮ ಕಡೆಯೋರಿಗೆ ಹೋಗಲ್ಲ. ಆದ್ರೆ ಟೋಕನ್ ಅಡ್ವಾನ್ಸ್ ಕೊಡೋ ಮೊದ್ಲು ಮಾರೋರ ಹತ್ರ 156-ಇಜಡ್ ಅನ್ನೋ ಒಂದು ಹಾಳೆ ಕೇಳಿ, ಕೌಂಟಿ ಎಫ್‌ಎಸ್‌ಎ ಆಫೀಸಲ್ಲಿ ಅವ್ರಿಗೆ ಕೊಡ್ತಾರೆ. ಆ ಜಮೀನಿನ ಪಹಣಿ ಅಂತಲೇ ಇಟ್ಕೊಳ್ಳಿ, ಉಳೋ ನೆಲ ಎಷ್ಟು, ಬೇಸ್ ಎಕರೆ ಯಾವ ಬೆಳೆಗೆ ಎಷ್ಟು, ಕಡತದ ಇಳುವರಿ ಎಷ್ಟು, ಸಿಆರ್‌ಪಿಲಿ ಸಿಕ್ಕಾಕೊಂಡಿದ್ಯಾ ಎಲ್ಲಾ ಅದರಲ್ಲಿರುತ್ತೆ. 80 ಎಕರೆ ಅಂತ ಹೇಳಿ ಅದರಲ್ಲಿ 9 ಎಕರೆ ಹಳ್ಳ ಇರೋದು ಮಾಮೂಲಿ.